ನಾನೂರ ಹದಿನೇಳರ ಎಡ ರೆಕ್ಕೆ

ಇದು ಶುರುವಾದದ್ದು ಬೇಸಿಗೆಯ ಕೊನೆಯ ವಾರದಲ್ಲಿ, ಮಧ್ಯಾಹ್ನ ಎರಡೂವರೆಗೆ. ಬಸ್ ಡಿಪೋದ ತಗಡಿನ ಚಾವಣಿ ಕಾದು ಟಿಕ್ ಟಿಕ್ ಎನ್ನುವ ಹೊತ್ತು. ಮೊದಲ ಪಾಳಿಯ ಬಸ್ಸುಗಳು ಬಂದು ನಿಂತಿದ್ದವು, ಎರಡನೇ ಪಾಳಿಯವು ಇನ್ನೂ ಹೊರಟಿರಲಿಲ್ಲ. ನಾನು ಶೆಡ್ಡಿನ ಮೂಲೆಯಲ್ಲಿ ಕೂತು ಹರಿದ ಸೀಟೊಂದನ್ನು ಹೊಲಿಯುತ್ತಿದ್ದೆ. ಆಗ ಕಳೆದುಹೋದ ಸಾಮಾನಿನ ಕೋಣೆಯಿಂದ ನನ್ನ ಅಳಿಯನ ಕೂಗು ಬಂತು.

"ಯಾರೋ ಅವನು, ನನ್ನ ಕೊನೇ ಸಾಲಿನ ಸೀಟು ತೆಗಿ ಅನ್ನೋನು!"

ಶೆಡ್ಡಿನಲ್ಲಿದ್ದ ಏಳು ಜನ ಎದ್ದು ನಿಂತರು. ನಾನು ಏಳಲಿಲ್ಲ. ಸೂಜಿ ಅರ್ಧ ದಾರಿಯಲ್ಲಿತ್ತು.

ನನ್ನ ಓದು ಮೂರನೇ ಕ್ಲಾಸಿಗೆ ನಿಂತಿತು. ಆಮೇಲೆ ಮೂವತ್ತೆಂಟು ವರ್ಷ ಇದೇ ಡಿಪೋದಲ್ಲಿ ಸೀಟು ಹೊಲಿದೆ. ನಿವೃತ್ತಿಯಾದರೂ ವಾರಕ್ಕೆ ಎರಡು ದಿನ ಕರೆಯುತ್ತಾರೆ. ಯಾವ ಬಸ್ಸಿನ ಯಾವ ಸೀಟು ಯಾವ ತಿಂಗಳು ಹರಿಯಿತು ಎಂದು ಕೇಳಿದರೆ ಇವತ್ತಿಗೂ ಹೇಳಬಲ್ಲೆ. ಯಾರೂ ಕೇಳುವುದಿಲ್ಲ.

ಅಳಿಯ ಡ್ರೈವರ್. ಅವನ ಗಂಟಲಿನಿಂದಾಗಿ ಡಿಪೋದಲ್ಲಿ ಅವನಿಗೆ ಹಾರ್ನು ಎಂದು ಹೆಸರು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ, ಅದರಲ್ಲಿ ಕಡೆಯ ಒಂಬತ್ತು ವರ್ಷ ನಾನೂರ ಹದಿನೇಳನೇ ನಂಬರಿನದು. ಎರಡು ತಿಂಗಳ ಹಿಂದೆ ಅದೇ ಬಸ್ಸು ಡಿಪೋದ ಗೇಟಿನ ಕಂಬಕ್ಕೆ ಗುದ್ದಿತು. ಕಂಬ ಬಿದ್ದದ್ದು ಮ್ಯಾನೇಜರ ಹೊಸ ಸ್ಕೂಟರಿನ ಮೇಲೆ. ಮನುಷ್ಯರಿಗೆ ಏನೂ ಆಗಲಿಲ್ಲ. ಮನುಷ್ಯರಿಗೆ ಆಗಿದ್ದರೆ ಮ್ಯಾನೇಜರು ಅಷ್ಟು ಅರಚುತ್ತಿರಲಿಲ್ಲ.

"ಬ್ರೇಕು ಹಿಡೀಲಿಲ್ಲ ಸಾರ್," ಎಂದ ಅಳಿಯ.

"ಬ್ರೇಕು ಸರಿ ಇತ್ತು. ಇವನ ಕಣ್ಣೇ ಸರಿ ಇಲ್ಲ," ಎಂದ ಫೋರ್‌ಮನ್.

ಪುಸ್ತಕ ಫೋರ್‌ಮನ್ನಿನ ಕಡೆಗಿತ್ತು. ನಮ್ಮಲ್ಲಿ ಪ್ರತಿ ಬಸ್ಸಿಗೂ ಒಂದು ದೋಷ ಪುಸ್ತಕ. ಎಡಗಡೆ ಡ್ರೈವರ್ ದೋಷ ಬರೆಯಬೇಕು, ಬಲಗಡೆ ಫೋರ್‌ಮನ್ ಏನು ರಿಪೇರಿ ಮಾಡಿದೆ ಎಂದು ಬರೆದು ಸಹಿ ಹಾಕಬೇಕು. ಬರೆಯದ ದೋಷ ದೋಷವೇ ಅಲ್ಲ ಎಂಬುದು ಡಿಪೋದ ಕಾನೂನು. ಅಳಿಯ ಗುದ್ದುವ ಮುಂಚೆ ಹನ್ನೊಂದು ದಿನ ಬಿಡದೆ ಬ್ರೇಕಿನ ವಿಷಯ ಬರೆದಿದ್ದ. ಹನ್ನೊಂದು ದಿನವೂ ಬಲಗಡೆ "ನೋಡಲಾಗಿದೆ, ಸರಿಪಡಿಸಲಾಗಿದೆ" ಎಂದಿತ್ತು. ಬ್ರೇಕು ಸರಿಯಾಗಿದೆ ಎಂದು ಬರೆದ ಮೇಲೆ ಕಣ್ಣೇ ತಾನೆ ಕೆಟ್ಟಿರಬೇಕು? ಅವನನ್ನು ಸ್ಟೀರಿಂಗಿನಿಂದ ಇಳಿಸಿ, ಜನ ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಚಪ್ಪಲಿ, ಊಟದ ಡಬ್ಬಿ ಕಾಯಲು ಕೂರಿಸಿದರು. ಬೇಸಿಗೆ ಕಳೆದ ಮೇಲೆ ದೊಡ್ಡ ಸಾಹೇಬರು ಬಂದು ವಿಚಾರಣೆ ಮಾಡುತ್ತಾರೆ, ಆಮೇಲೆ ಸ್ಟೀರಿಂಗೋ ಸಾಯುವ ತನಕ ಕೊಡೆಗಳೋ ತೀರ್ಮಾನ ಎಂದರು.

ಅವನು ಮನೆಯಲ್ಲೂ ಸುಮ್ಮನೆ ಕೂರುತ್ತಿರಲಿಲ್ಲ. ಮಗಳು ಒಲೆಯಿಂದ ಪಾತ್ರೆ ಎತ್ತಿಕೊಂಡು ತಿರುಗಿದರೆ, "ಹಿಂದೆ ನೋಡ್ದೆ ತಿರುಗ್ತೀಯಲ್ಲ, ಕನ್ನಡಿ ಇಲ್ವಾ ನಿಂಗೆ?" ಎನ್ನುತ್ತಿದ್ದ. ಮೂರನೇ ವಾರಕ್ಕೆ ಅವಳು ಪಾತ್ರೆ ಕೆಳಗಿಟ್ಟಳು.

"ಅಪ್ಪ, ಇವರನ್ನ ಎಲ್ಲಾದ್ರೂ ಓಡಿಸ್ಬೇಕು, ಇಲ್ಲಾಂದ್ರೆ ನಾನು ಓಡಿಹೋಗ್ತೀನಿ."

ಅವಳು ಕೆಲಸ ಮಾಡುವ ಕ್ಲಿನಿಕ್ಕಿನಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದಿತ್ತು. ಅಲ್ಲಿಯ ಕಾಂಪೌಂಡರ್ ಅದಕ್ಕೆ ಒಂದು ಆಟ ಹಾಕಿಕೊಟ್ಟ, ಅವಳು ಮನೆಗೆ ತಂದಳು. ಆಟದಲ್ಲಿ ನಾವೇ ತುಂಡು ತುಂಡು ಜೋಡಿಸಿ ವಿಮಾನ ಕಟ್ಟಬೇಕು. ಕಟ್ಟಿದ್ದನ್ನು ಓಟದ ಪಟ್ಟಿಯ ಮೇಲೆ ಓಡಿಸಿದರೆ ಹಾರುತ್ತದೆ, ಇಲ್ಲವೆ ಪಟ್ಟಿಯ ಕೊನೆಯಲ್ಲಿ ಸಮುದ್ರವಿದೆ, ಅದಕ್ಕೆ ಬೀಳುತ್ತದೆ. ಕಟ್ಟಿದ ವಿಮಾನವನ್ನು ಎಲ್ಲರಿಗೂ ತೋರಿಸಬಹುದು. ಬೇರೆ ಬೇರೆ ಊರಿನ ಕಟ್ಟುವವರು ಕೆಳಗೆ ಅಭಿಪ್ರಾಯ ಬರೆಯುತ್ತಾರೆ.

ಅಳಿಯ ಎರಡು ದಿನ ಉಸಿರು ಬಿಡದೆ ಕೂತು ವಿಮಾನ ಕಟ್ಟಿದ. ಅದಕ್ಕೆ ಐವತ್ತೆರಡು ಸೀಟು, ನಿಂತವರಿಗೆ ಹಿಡಿದುಕೊಳ್ಳಲು ಕಂಬಿ, ಹತ್ತಲು ಒಂದು ಇಳಿಯಲು ಒಂದು ಬಾಗಿಲು, ಮೇಲೆ ಸಾಮಾನಿಗೆ ಕ್ಯಾರಿಯರ್, ಕ್ಯಾರಿಯರ್ ಹತ್ತಲು ಏಣಿ, ಹಿಂದುಗಡೆ ಸ್ಟೆಪ್ನಿ. ಬದಿಯಲ್ಲಿ ದೊಡ್ಡದಾಗಿ ನಂಬರ್ ಬರೆದಿದ್ದ: 417.

ನಮ್ಮ ಡಿಪೋದ ಮಂದಿ ಅಭಿಪ್ರಾಯಕ್ಕೆ ಹಿಂದೆ ಬೀಳುವವರಲ್ಲ. ಎದುರು ಮನೆಯ ಕಂಡಕ್ಟರಮ್ಮ ಬಂದು ಸೊಂಟಕ್ಕೆ ಕೈ ಕೊಟ್ಟು ನೋಡಿದಳು.

"ಬೆಲ್ಲಿನ ಹಗ್ಗ ಎಲ್ಲಿ? ಇಳಿಯೋರು ಏನು ಕಿರುಚ್ಬೇಕಾ?"

"ಹೌದಲ್ಲ!" ಎಂದು ಅಳಿಯ ಹಗ್ಗ ಕಟ್ಟಿದ.

"ನನಗೆ ಸೀಟು?"

ಅದನ್ನೂ ಹಾಕಿದ. ಟೈರಿನವನು ಬಂದು, ಅಷ್ಟು ಎತ್ತರದಲ್ಲಿ ಪಂಕ್ಚರ್ ಆದರೆ ಒಂದು ಸ್ಟೆಪ್ನಿ ಏತಕ್ಕೆ ಸಾಕು ಎಂದ. ಎರಡಾಯಿತು. ಯಾರೂ ಒಂದು ಮೊಳೆ ಕಡಿಮೆ ಮಾಡು ಎನ್ನಲಿಲ್ಲ. ವಿಮಾನ ಬಾಲವನ್ನು ನೆಲಕ್ಕೆ ಎಳೆದುಕೊಂಡು ಪಟ್ಟಿಯ ಉದ್ದಕ್ಕೂ ಓಡಿ, ನಲವತ್ತೊಂದು ಸಲ ಸಮುದ್ರಕ್ಕೆ ಬಿತ್ತು.

ಆ ದಿನ ಎರಡೂವರೆಗೆ ಬಂದದ್ದು ಮೊದಲ ಪರಸ್ಥಳದ ಅಭಿಪ್ರಾಯ. ಬರೆದವನು ಆಟದಲ್ಲಿ ತಿರುಪು ಎಂದು ಹೆಸರಿಟ್ಟುಕೊಂಡಿದ್ದ.

"ಬಾಲ ಭಾರ. ಕೊನೆಯ ಸಾಲು ತೆಗಿ. ಕ್ಯಾರಿಯರ್ ತೆಗಿ. ಸ್ಟೆಪ್ನಿ ಎರಡೂ ತೆಗಿ. ಎಡ ರೆಕ್ಕೆ ಸಡಿಲ. ಇದು ವಿಮಾನ ಅಲ್ಲ, ರೆಕ್ಕೆ ಸಿಕ್ಕಿಸಿಕೊಂಡ ಬಸ್ಸು."

"ಕೊನೇ ಸಾಲಲ್ಲಿ ಐದು ಜನ ಕೂರ್ತಾರೆ ಮಾವ!" ಅಳಿಯ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎತ್ತಿಕೊಂಡು ನನ್ನ ಮೂಲೆಗೆ ಬಂದ. "ಐದು ಜನ! ಅವರೇನು ರೆಕ್ಕೆ ಮೇಲೆ ಕೂರ್ಬೇಕಾ? ಇವನು ಯಾವತ್ತಾದ್ರೂ ಪ್ಯಾಸೆಂಜರ್ ಮುಖ ನೋಡಿದಾನಾ?"

ಎರಡು ಬೆರಳಲ್ಲಿ ಕುಟ್ಟಿ ಉತ್ತರ ಬರೆದ: ನೀನು ಎಷ್ಟು ವರ್ಷ ಗಾಡಿ ಓಡಿಸಿದ್ದೀಯ?

ತಿರುಪು ಬರೆದ: ನನ್ನದು ಹಾರುತ್ತದೆ.

ಅಳಿಯನ ಕಿವಿ ಕೆಂಪಾಯಿತು. ಆ ಮಧ್ಯಾಹ್ನವೆಲ್ಲ ಬೇರೆಯವರ ವಿಮಾನಗಳ ಮೇಲೆ ಸಿಟ್ಟು ತೀರಿಸಿಕೊಂಡ. ಯಾರೋ ಪಾಪ ತಿಂಗಳುಗಟ್ಟಲೆ ಕಷ್ಟಪಟ್ಟು ಚೂಪು ಮೂತಿಯ ಯುದ್ಧವಿಮಾನ ಕಟ್ಟಿದ್ದರು. ಅದರ ಕೆಳಗೆ ಬರೆದ: "ಒಂದೇ ಸೀಟು? ಉಳಿದವರು ನಡೆದುಕೊಂಡು ಬರಬೇಕೆ?" ಇನ್ನೊಂದಕ್ಕೆ: "ಮಹಿಳೆಯರಿಗೆ ಮೀಸಲು ಎಲ್ಲಿ?" ಗಾಜಿನಂಥ ಒಂದು ಗ್ಲೈಡರಿಗೆ: "ಎಂಜಿನ್ ಕದ್ದವರು ಯಾರು?"

ಆಮೇಲೆ ಅವನು ಮಾಡಿದ ಕೆಲಸ ನಮ್ಮ ಡಿಪೋದವರನ್ನು ಬಿಟ್ಟು ಲೋಕದಲ್ಲಿ ಬೇರೆ ಯಾರೂ ಮಾಡುತ್ತಿರಲಿಲ್ಲ. ದೋಷ ಪುಸ್ತಕಗಳ ಕಪಾಟು ಇದ್ದದ್ದು ಅವನ ಕೋಣೆಯಲ್ಲೇ. ಇಪ್ಪತ್ತೆರಡು ವರ್ಷ ಪಾಳಿ ಮುಗಿದ ಕೂಡಲೇ ಕೈ ಹೋಗುತ್ತಿದ್ದ ಜಾಗ ಅದು. ವಿಮಾನ ಸಮುದ್ರಕ್ಕೆ ಬಿತ್ತು, ಪಾಳಿ ಮುಗಿಯಿತು, ಕೈ ತಾನಾಗಿ ಹೋಗಿ ನಾನೂರ ಹದಿನೇಳರ ಪುಸ್ತಕ ತೆಗೆಯಿತು. ಎಡಗಡೆ ಶುದ್ಧವಾಗಿ ಬರೆದ: "ಬಾಲ ಭಾರ. ಎಡ ರೆಕ್ಕೆ ಸಡಿಲ. ಎಷ್ಟು ಓಡಿದರೂ ನೆಲ ಬಿಡುವುದಿಲ್ಲ. ಕೊನೆಗೆ ನೀರಿಗೆ ಬೀಳುತ್ತದೆ." ಕೆಳಗೆ ಸಹಿ, ತಾರೀಕು. ನಾನೂರ ಹದಿನೇಳನ್ನು ಆಗ ಓಡಿಸುತ್ತಿದ್ದ ಬದಲಿ ಡ್ರೈವರ್ ಪುಸ್ತಕ ತೆರೆದವನೇ ಅಲ್ಲ. ಬ್ರೇಕಿನ ಗತಿ ಕಂಡು ಹ್ಯಾಂಡ್‌ಬ್ರೇಕಿನಲ್ಲೇ ಸಂಸಾರ ಮಾಡುತ್ತಿದ್ದ.

ಮರುದಿನ ಪುಸ್ತಕಗಳು ಫೋರ್‌ಮನ್ನಿನ ಮೇಜಿಗೆ ಹೋಗಿ ಬಂದವು. ಬಲಗಡೆ ಬರೆದಿತ್ತು: "ನೋಡಲಾಗಿದೆ, ಸರಿಪಡಿಸಲಾಗಿದೆ." ಸಹಿ.

ಅಳಿಯ ಖುಷಿಯಾಗಿ ವಿಮಾನ ಓಡಿಸಿದ. ನಲವತ್ತೆರಡನೇ ಸಲ ಬಿತ್ತು. ನೇರ ಶೆಡ್ಡಿಗೆ ನುಗ್ಗಿದ. ಫೋರ್‌ಮನ್ ಬಸ್ಸಿನ ಕಿಟಕಿಯ ಗಾಜಿನಲ್ಲಿ ನೋಡಿಕೊಂಡು ಮೀಸೆ ಕತ್ತರಿಸುತ್ತಿದ್ದ.

"ಏನ್ರೀ ಇದು? ಸರಿಪಡಿಸಲಾಗಿದೆ ಅಂತ ಬರೀತೀರಿ, ಇವತ್ತೂ ಅದೇ ಗತಿ!"

"ಯಾವುದು?" ಫೋರ್‌ಮನ್ ತಿರುಗಲಿಲ್ಲ.

"ನಾನೂರ ಹದಿನೇಳು!"

"ನಾನೇ ಓಡಿಸಿ ನೋಡಿದೀನಿ."

"ಬಾಲ?"

"ಬಾಲನೂ ನೋಡಿದೀನಿ."

"ಎಡ ರೆಕ್ಕೆ?"

"ಗ್ರೀಸ್ ಹಾಕಿಸಿದೀನಿ. ಹೋಗಯ್ಯ ಅತ್ಲಾಗೆ, ಕೈ ಅಲ್ಲಾಡಿದ್ರೆ ಮೀಸೆ ಓರೆ ಆಗತ್ತೆ."

ನನ್ನ ಸೂಜಿ ನಿಂತಿತು. ನನಗೆ ಸಿಟ್ಟು ಬರುವುದು ನಿಧಾನ, ಹೋಗುವುದೂ ನಿಧಾನ. ಈ ಮನುಷ್ಯ ನಾನು ಹರಿದಿದೆ ಎಂದು ಬರೆಸಿದ ಸೀಟುಗಳಿಗೆ ಹದಿನಾಲ್ಕು ವರ್ಷದಿಂದ "ಸರಿಪಡಿಸಲಾಗಿದೆ" ಎಂದು ಬರೆಯುತ್ತಿದ್ದ. ಸ್ಪ್ರಿಂಗ್ ಎದ್ದು ಒಬ್ಬ ಮುದುಕಿಯ ಸೀರೆ ಹರಿದಾಗಲೂ ಅದನ್ನೇ ಬರೆದಿದ್ದ. ನಾನು ಹಲ್ಲು ಕಚ್ಚಿ ಹೊಲಿದಿದ್ದೆ. ಈಗ ಇಲ್ಲದ ರೆಕ್ಕೆಗೆ ಗ್ರೀಸ್ ಹಾಕಿಸಿದ್ದಾನಂತೆ! ಹಾಗಾದರೆ ಇದ್ದ ಬ್ರೇಕಿಗೆ ಏನು ಮಾಡಿದ್ದ?

ಆ ಸಂಜೆ ಚಹಾ ಕುಡಿಯುವಾಗ ಅಳಿಯನಿಗೆ ಹೇಳಿದೆ, "ತಿರುಪು ಏನೇನು ಹೇಳ್ತಾನೋ ಅದನ್ನೆಲ್ಲ ಪುಸ್ತಕದಲ್ಲಿ ಬರಿ. ಒಂದು ದಿನಾನೂ ತಪ್ಪಿಸ್ಬೇಡ."

ಅವನ ಕಣ್ಣು ತುಂಬಿದವು. "ನೀವೊಬ್ಬರೇ ಮಾವ, ನನ್ನ ವಿಮಾನದ ಬಗ್ಗೆ ಕಾಳಜಿ ಇರೋರು."

ಮಗಳು ನನ್ನನ್ನೇ ನೋಡಿದಳು. "ಅಪ್ಪ, ನಿಮಗೂ ಶುರುವಾಯ್ತಾ?"

ನಾನು ಚಹಾ ಕುಡಿದೆ.

ಮುಂದಿನ ಹತ್ತು ದಿನ ಯುದ್ಧ. ತಿರುಪು ಬೈಯುವುದು, ಅಳಿಯ ಗೋಡೆ ಬಿರಿಯುವಂತೆ ಕೂಗುವುದು, ಅವನು ಬೈದದ್ದನ್ನೇ ಅಕ್ಷರ ಬಿಡದೆ ಪುಸ್ತಕಕ್ಕೆ ಇಳಿಸುವುದು, ಮರುದಿನ ಫೋರ್‌ಮನ್ ಸಹಿ ಹಾಕುವುದು. ಒಂದು ದಿನ ಮಗಳು ಲ್ಯಾಪ್‌ಟಾಪನ್ನು ಬಟ್ಟೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಅವನು ಪೆಟ್ಟಿಗೆಯ ಎದುರು ಕೂತು, "ಡ್ಯೂಟಿ ಮೇಲಿರೋ ಡ್ರೈವರ್ನ ತಡೀತಿದ್ದೀಯ, ನೆನಪಿರ್ಲಿ!" ಎಂದು ಅರಚಿದ. ಅವಳು ಬೀಗದ ಕೈಯನ್ನು ಅವನ ತಟ್ಟೆಗೆ ಎಸೆದಳು. ಶನಿವಾರ ಮ್ಯಾನೇಜರು ಆ ವಾರದ ಪುಸ್ತಕಗಳ ರಾಶಿಗೆ ತಮ್ಮ ಹಸಿರು ಶಾಯಿಯಲ್ಲಿ "ಪರಿಶೀಲಿಸಿದೆ" ಎಂದು ಬರೆದು ಕೊಟ್ಟರು.

ಸೋಮವಾರ ಬೆಳಿಗ್ಗೆ ದೊಡ್ಡ ಸಾಹೇಬರು ಬಂದರು. ಸಣ್ಣ ಆಳು, ದಪ್ಪ ಕನ್ನಡಕ, ಮುಖದಲ್ಲಿ ಹೊಟ್ಟೆನೋವಿನ ಕಳೆ. ಮ್ಯಾನೇಜರ ಕೋಣೆಯಲ್ಲಿ ವಿಚಾರಣೆ. ಕುರ್ಚಿಯ ಸೀಟು ಹೊಲಿಯುವ ನೆಪದಲ್ಲಿ ನಾನೂ ಮೂಲೆ ಹಿಡಿದೆ. ಮ್ಯಾನೇಜರು ಸ್ಕೂಟರಿನ ಕಥೆಯನ್ನು ಹುಟ್ಟಿನಿಂದ ಸಾವಿನ ತನಕ ಹೇಳಿ ಮುಗಿಸಿ, ನಾನೂರ ಹದಿನೇಳರ ಪುಸ್ತಕ ಮುಂದಿಟ್ಟರು.

"ದಾಖಲೆ ನೋಡಿ ಸಾರ್. ಒಂದು ದೋಷವೂ ಬಾಕಿ ಇಲ್ಲ. ಫೋರ್‌ಮನ್ ಸಹಿ, ನನ್ನ ಸಹಿ."

ಸಾಹೇಬರು ಪುಸ್ತಕವನ್ನು ಹಿಂದಿನಿಂದ ತೆರೆಯುವ ಜಾತಿ. ಕೊನೆಯ ಪುಟ ಓದಿದರು. ಕನ್ನಡಕ ಒರೆಸಿಕೊಂಡರು. ಮತ್ತೆ ಓದಿದರು.

"ಈ ಬಸ್ಸು ಎಷ್ಟು ಸಲ ಸಮುದ್ರಕ್ಕೆ ಬಿದ್ದಿದೆ?"

"ಸಾರ್?" ಎಂದರು ಮ್ಯಾನೇಜರು. "ಸಮುದ್ರ ಇಲ್ಲಿಂದ ಎರಡು ದಿನದ ದಾರಿ ಸಾರ್."

"ಮೂರನೇ ತಾರೀಕು, ಎಡ ರೆಕ್ಕೆ ನೀರಿನಲ್ಲಿ ಕಳಚಿಹೋಯಿತು. ಬಲಗಡೆ, ಹೊಸದು ಹಾಕಲಾಗಿದೆ. ಐದನೇ ತಾರೀಕು, ಮೂತಿ ಮೋಡಕ್ಕೆ ಮುಖ ಮಾಡುತ್ತಿಲ್ಲ. ಓಡಿಸಿ ನೋಡಲಾಗಿದೆ, ತೃಪ್ತಿಕರ. ಏಳನೇ ತಾರೀಕು, ಇದು ವಿಮಾನ ಅಲ್ಲ. ಸರಿಪಡಿಸಲಾಗಿದೆ!" ಸಾಹೇಬರು ಮೇಜಿಗೆ ಗುದ್ದಿದರು. ಹಸಿರು ಶಾಯಿಯ ಬಾಟಲಿ ಹಾರಿತು. "ಏನ್ರೀ ಸರಿಪಡಿಸಿದ್ದು? ವಿಮಾನ ಮಾಡಿದ್ರಾ?"

ಮ್ಯಾನೇಜರು ಫೋರ್‌ಮನ್ ಕಡೆ ನೋಡಿದರು. ಫೋರ್‌ಮನ್ ಕಿಟಕಿಯ ಕಡೆ ನೋಡಿದ.

ಈ ಹೊತ್ತಿನಲ್ಲಿ ಅಳಿಯ ಬಾಯಿ ಮುಚ್ಚಿಕೊಂಡಿದ್ದರೆ ಅರ್ಧ ಗೆದ್ದಂತೆ. ಅವನು ಎದ್ದು ನಿಂತು ಟೊಪ್ಪಿಗೆ ನೆಲಕ್ಕೆ ಬಡಿದ.

"ಅದೇ ನಾನೂ ಕೇಳ್ತಿರೋದು ಸಾರ್! ಹೊಸ ರೆಕ್ಕೆ ಹಾಕಿದೀವಿ ಅಂತಾರೆ, ಇವತ್ತು ಬೆಳಿಗ್ಗೆನೂ ಬಿತ್ತು! ಆ ತಿರುಪು ಕೊನೇ ಸಾಲು ತೆಗಿ ಅಂತಾನೆ. ಐದು ಜನ ಸಾರ್, ಐದು ಜನ ಎಲ್ಲಿ ಹೋಗ್ಬೇಕು?"

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಇವನಿಗೆ ಕಣ್ಣು ಕೆಟ್ಟಿದೆ ಅಂದಿದ್ರಲ್ಲ. ಕೆಟ್ಟಿರೋದು ಕಣ್ಣಲ್ಲ ಅಂತ ಕಾಣತ್ತೆ."

"ಅದನ್ನೇ ಹೇಳೋಣ ಅಂತಿದ್ದೆ ಸಾರ್," ಮ್ಯಾನೇಜರಿಗೆ ಜೀವ ಬಂತು. "ಸರ್ಕಾರಿ ಪುಸ್ತಕದಲ್ಲಿ ಆಟ ಬರೆದಿದ್ದಾನೆ. ಇವನ ಕೈಗೆ ಬಸ್ಸು ಕೊಡೋದಾ?"

ಅಳಿಯನ ಮುಖ ಬೂದಿಯಾಯಿತು. ಅವನಿಗೆ ಆಗ ತಿಳಿಯಿತು, ಇಪ್ಪತ್ತೆರಡು ವರ್ಷದ ಸ್ಟೀರಿಂಗು ತಾನೇ ಎತ್ತಿ ನೀರಿಗೆ ಹಾಕಿದೆನೆಂದು. ತುಟಿ ಅಲ್ಲಾಡಿತು, ಹಾರ್ನು ಬರಲಿಲ್ಲ. ನಾನು ಸೂಜಿಯನ್ನು ಕುರ್ಚಿಗೆ ಚುಚ್ಚಿ ಎದ್ದೆ.

"ಸಾಹೇಬ್ರೇ, ನಾನು ಸೀಟು ಹೊಲಿಯೋನು. ಇವನು ನನ್ನ ಅಳಿಯ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಇನ್ನೂ ಹಿಂದಕ್ಕೆ ತಿರುಗಿಸಿ. ಕಂಬಕ್ಕೆ ಗುದ್ದಿದ್ದು ಹದಿನೆಂಟಕ್ಕೆ. ಆ ತಿಂಗಳ ಏಳನೇ ತಾರೀಕಿಂದ ನೋಡಿ."

ಸಾಹೇಬರು ತಿರುಗಿಸಿದರು. ನಾನು ಪುಸ್ತಕ ನೋಡದೆ ಹೇಳುತ್ತ ಹೋದೆ, ಅಳಿಯ ಆಗ ದಿನಾ ರಾತ್ರಿ ಮನೆಯಲ್ಲಿ ಕೂಗಿದ್ದು ನನಗೆ ಬಾಯಿಪಾಠವಾಗಿತ್ತು.

"ಏಳು, ಬ್ರೇಕು ತಡವಾಗಿ ಹಿಡಿಯುತ್ತದೆ. ಎಂಟು, ಬ್ರೇಕು ಎರಡು ಸಲ ತುಳಿಯಬೇಕು. ಒಂಬತ್ತು, ಎಡಕ್ಕೆ ಎಳೆಯುತ್ತದೆ. ಹತ್ತು, ಮೂರು ಸಲ ತುಳಿಯಬೇಕು. ಹದಿಮೂರು, ಮಳೆಯಲ್ಲಿ ಹಿಡಿಯುವುದೇ ಇಲ್ಲ. ಹದಿನೇಳು, ದಯವಿಟ್ಟು ನೋಡಿ. ಬಲಗಡೆ ಏನಿದೆ, ನೀವೇ ಓದಿ."

"ನೋಡಲಾಗಿದೆ, ಸರಿಪಡಿಸಲಾಗಿದೆ," ಎಂದು ಸಾಹೇಬರು ಓದಿದರು. "ಎಲ್ಲದಕ್ಕೂ."

"ಅದೇ ಕೈ, ಅದೇ ಸಹಿ. ದಿನಾ ಬರಿ ಅಂತ ಹೇಳಿದೋನು ನಾನು, ತಪ್ಪಿದ್ರೆ ನಂದು. ಬ್ರೇಕು ಸರಿಪಡಿಸಿದ್ದು ನಿಜ ಆದ್ರೆ ರೆಕ್ಕೆ ಹಾಕಿದ್ದೂ ನಿಜ ಇರ್ಬೇಕು. ಬಸ್ಸು ಹೊರಗೇ ನಿಂತಿದೆ." ಮೂವತ್ತೆಂಟು ವರ್ಷದಲ್ಲಿ ಆ ಕೋಣೆಯಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಎಡ ರೆಕ್ಕೆ ಎಲ್ಲಿ? ತೋರಿಸ್ಲಿ."

ಕಿಟಕಿಯಾಚೆ ಕಂಡಕ್ಟರಮ್ಮ, ಟೈರಿನವನು, ಇನ್ನೂ ಇಪ್ಪತ್ತು ತಲೆಗಳು. ಅಲ್ಲಿಂದಲೂ ಕೂಗು ಬಂತು: "ತೋರಿಸ್ಲಿ!"

ಸಾಹೇಬರು ಫೋರ್‌ಮನ್ ಕಡೆ ಬೆರಳು ಚಾಚಿದರು. "ಓಡಿಸಿ ನೋಡಲಾಗಿದೆ ಅಂತ ಬರೆದಿದ್ದೀಯಲ್ಲ. ಬಾ, ಈಗ ಓಡಿಸು, ನಾನೂ ನೋಡ್ತೀನಿ."

ಫೋರ್‌ಮನ್ ಮೀಸೆ ಸವರಿಕೊಂಡ. "ನನಗೆ ಬಸ್ಸು ಓಡ್ಸೋಕೆ ಬರಲ್ಲ ಸಾರ್."

ಕೊನೆಗೆ ಓಡಿಸಿದವನು ಅಳಿಯ. ಸಾಹೇಬರು ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತರು. ಡಿಪೋದ ಅಂಗಳದಲ್ಲಿ ಒಂದು ಸುತ್ತು ಬಂದು ಗೇಟಿನ ಕಡೆ ತಿರುಗಿದಾಗ, ಹೊಸದಾಗಿ ಕಟ್ಟಿದ ಕಂಬ ಎದುರು ಬಂತು. ಆಗ ಹಾರ್ನು ವಾಪಸು ಬಂತು. ಇಡೀ ಡಿಪೋಗೆ ಕೇಳಿಸಿತು.

"ಕಂಬ ಕಾಣ್ತಾ ಇದೆ ಸಾರ್! ಚೆನ್ನಾಗಿ ಕಾಣ್ತಾ ಇದೆ! ಗಾಡಿ ನಿಲ್ತಾ ಇಲ್ಲ!"

ಹ್ಯಾಂಡ್‌ಬ್ರೇಕು ಎಳೆದ. ಬಸ್ಸು ಕಂಬಕ್ಕೆ ಒಂದು ಗೇಣು ಬಿಟ್ಟು ನಿಂತಿತು. ಸಾಹೇಬರು ಕನ್ನಡಕವಿಲ್ಲದೆ ಇಳಿದರು. ಕನ್ನಡಕ ಮೂರನೇ ಸೀಟಿನ ಕೆಳಗೆ ಸಿಕ್ಕಿತು. ಅವರು ಆಮೇಲೆ ಆಡಿದ ಮಾತುಗಳನ್ನು ನಾನು ಬರೆಯುವುದಿಲ್ಲ. ದೊಡ್ಡ ಹುದ್ದೆಯವರಿಗೂ ಅಷ್ಟೆಲ್ಲ ಬರುತ್ತದೆ ಎಂದು ನಮಗೆ ಗೊತ್ತಿರಲಿಲ್ಲ.

ಮಂಗಳವಾರ ಆರ್ಡರ್ ಬಂತು. ಅಳಿಯನಿಗೆ ಗುರುವಾರದಿಂದ ಸ್ಟೀರಿಂಗ್. ಆದರೆ ಪುಸ್ತಕದಲ್ಲಿ ವಿಮಾನ ಬರೆದದ್ದಕ್ಕೆ ಮೂರು ಪ್ರತಿಯಲ್ಲಿ ಕ್ಷಮಾಪಣೆ. ಮ್ಯಾನೇಜರ ಹಸಿರು ಶಾಯಿ ಕಿತ್ತುಕೊಂಡರು, ಇನ್ನು ಮೇಲೆ ಓದಿಯೇ ಸಹಿ ಎಂದರು. ಫೋರ್‌ಮನ್‌ಗೆ ದೂರದ ಊರಿನ ಡಿಪೋಗೆ ವರ್ಗ, ಅದೂ ಕಳೆದುಹೋದ ಸಾಮಾನಿನ ಕೋಣೆಗೆ.

ಬುಧವಾರ ಸಂಜೆ ನಾನು ಅಳಿಯನ ಪಕ್ಕ ಕೂತೆ. "ಕೊನೇ ಸಾಲಿನ ಸೀಟನ್ನ ಮೂವತ್ತೆಂಟು ವರ್ಷ ಎತ್ತಿ ಇಳಿಸಿದೋನು ನಾನು. ಅದರ ಭಾರ ನಂಗೊತ್ತು. ಐದು ಜನಾನ ಇಳಿಸ್ಬೇಡ, ಮುಂದಕ್ಕೆ ಕರ್ಕೊಂಡು ಬಾ. ಸ್ಟೆಪ್ನಿ ಎರಡೂ ಬಿಸಾಕು. ಮೇಲೆ ಪಂಕ್ಚರ್ ಮಾಡೋ ಮೊಳೆ ಯಾರು ಇಟ್ಟಿರ್ತಾರೆ?"

"ತಿರುಪು ಹೇಳಿದ್ದೂ ಅದೇ ಅಲ್ವಾ ಮಾವ?" ಎಂದು ಗೊಣಗಿದ. ಆದರೂ ಮಾಡಿದ. ವಿಮಾನ ಪಟ್ಟಿಯ ಕೊನೆಗೆ ಬಂತು, ಕಂಡಕ್ಟರಮ್ಮ ಕಣ್ಣು ಮುಚ್ಚಿಕೊಂಡಳು, ಸಮುದ್ರ ಬಂತು, ನಾನೂರ ಹದಿನೇಳು ಅದರ ಮೇಲೆ ಹಾದುಹೋಯಿತು. ಐವತ್ತೆರಡು ಸೀಟು, ಕಂಬಿ, ಹಗ್ಗ ಸಮೇತ. ಮಗಳು ಅಳಿಯನ ಬೆನ್ನಿಗೆ ಒಂದು ಗುದ್ದು ಕೊಟ್ಟು ಅತ್ತಳು. ತಿರುಪು ಬರೆದ: "ಪರವಾಗಿಲ್ಲ. ಬಾಗಿಲು ಮುಚ್ಚಿಕೊಂಡು ಹಾರಿಸು."

"ನೋಡಿದ್ರಾ ಕೊಬ್ಬು!" ಎಂದು ಅಳಿಯ ಮತ್ತೆ ಶುರು ಮಾಡಿದ.

ಅದೇ ಬುಧವಾರ ಹೊಸ ಮೆಕ್ಯಾನಿಕ್ ಒಬ್ಬ ಹಗಲೆಲ್ಲ ನಾನೂರ ಹದಿನೇಳರ ಕೆಳಗೆ ಮಲಗಿ ಬ್ರೇಕನ್ನು ಪೂರ್ತಿ ಬದಲಾಯಿಸಿದ್ದ. ಡಿಪೋದಲ್ಲಿ ಎಲ್ಲರಿಗೂ ಗೊತ್ತಿತ್ತು, ಮನೆಯಲ್ಲಿ ಟ್ರಂಕು ಕಟ್ಟುತ್ತಿದ್ದ ಫೋರ್‌ಮನ್ನನ್ನು ಬಿಟ್ಟು.

ಮರುದಿನ ಬೆಳಿಗ್ಗೆ ರೈಲು ನಿಲ್ದಾಣಕ್ಕೆ ಮೊದಲ ಬಸ್ಸು ಅದೇ. ಅಳಿಯ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದ. ನಾನು ಮುಂದಿನ ಸೀಟಿನಲ್ಲಿದ್ದೆ. ಫೋರ್‌ಮನ್ ಟ್ರಂಕು ಎಳೆದುಕೊಂಡು ಹತ್ತಿ, ಯಾರ ಮುಖವನ್ನೂ ನೋಡದೆ ಹೋಗಿ ಕೊನೆಯ ಸಾಲಿನಲ್ಲಿ ಕೂತ. ಕಂಡಕ್ಟರಮ್ಮ ಬೆಲ್ಲಿನ ಹಗ್ಗಕ್ಕೆ ಕೈ ಹಾಕಿದಳು. ಎಂಜಿನ್ ಗುರ್ ಎಂದಿತು.

"ಏಯ್ ಹಾರ್ನು," ಹಿಂದಿನಿಂದ ಸಣ್ಣ ಧ್ವನಿ ಬಂತು. "ಇದರ ಬ್ರೇಕು ಯಾರು ನೋಡಿದ್ದು?"

ಅಳಿಯ ಕನ್ನಡಿಯಲ್ಲಿ ಅವನನ್ನು ನೋಡಿದ. ಜೀವಮಾನದಲ್ಲಿ ಮೊದಲ ಸಲ ಮೆತ್ತಗೆ ಮಾತಾಡಿದ.

"ನೀವೇ ನೋಡಿದ್ದೀರಲ್ಲ. ಸಹಿ ಇದೆ."

ಬಸ್ಸಿನಲ್ಲಿ ಯಾರೂ ಹೊಸ ಬ್ರೇಕಿನ ವಿಷಯ ಹೇಳಲಿಲ್ಲ. ನಾನೂ ಹೇಳಲಿಲ್ಲ. ಟ್ರಂಕು ಮೆಟ್ಟಿಲ ಮೇಲೆ ದಡ ದಡ ಇಳಿದ ಶಬ್ದ ಕೇಳಿತು. ಕಂಡಕ್ಟರಮ್ಮ ಹಗ್ಗ ಎಳೆದಳು. ಗೇಟು ದಾಟುವಾಗ ತಿರುಗಿ ನೋಡಿದೆ. ಟ್ರಂಕನ್ನು ಒಮ್ಮೆ ಬಲ ಹೆಗಲಿಗೆ, ಒಮ್ಮೆ ಎಡ ಹೆಗಲಿಗೆ ಬದಲಾಯಿಸುತ್ತ ಫೋರ್‌ಮನ್ ನಿಲ್ದಾಣಕ್ಕೆ ನಡೆದುಕೊಂಡೇ ಹೋದ.